ಸರಿತಾಳ ನಡುಕಟ್ಟು

೨೦೨೫ರ ಜೂನ್ ೮. ಕರಾಟೆಯ ಹಳದಿ ಬೆಲ್ಟಿಗಾಗಿ ಸರಿತಾ ಮೊಣಕೈ ಊರಿ, ಮೈಯನ್ನು ಹಲಗೆಯಂತೆ ಅರವತ್ತು ಸೆಕೆಂಡು ನೇರವಾಗಿ ಹಿಡಿಯಬೇಕಿತ್ತು. ನನ್ನಿವಾಳದ ಮನೆಯಲ್ಲಿ ಅದು ಅವಳಿಗೆ ಸಾಧ್ಯವಾಗಿತ್ತು; ಶೇಂಗಾ ಕೀಳುವ ಹೆಂಗಸರು ಕಟ್ಟಿಕೊಳ್ಳುವಂತೆ ಅಜ್ಜಿ ಚಿಕ್ಕಕ್ಕ ಅವಳ ನಡುವಿಗೆ ಹಳೆಯ ಸೀರೆಯನ್ನು ಬಿಗಿಯುತ್ತಿದ್ದಳು.

ಚಳ್ಳಕೆರೆಯ ಪರೀಕ್ಷೆಯಲ್ಲಿ ಕರಾಟೆ ಕಲಿಸುವ ಪ್ರದೀಪ್, ಅವಳು ಕಟ್ಟಿಕೊಂಡು ಬಂದಿದ್ದ ಆ ಸೀರೆಯನ್ನು ಬಿಚ್ಚಿಸಿದನು.

"ಹೊಟ್ಟೆ ಮಾಡೋ ಕೆಲಸಾನ ಸೀರೆ ಮಾಡ್ತೈತ್ರಿ, ಅಜ್ಜಿ."

"ನೀನೂ ನಡಕ್ಕೆ ಕಟ್ಕೊಂಡೇ ನಿಂತಿದೀಯಲ್ಲಪ್ಪ."

ಪ್ರದೀಪ್ ತನ್ನ ಕಪ್ಪು ಬೆಲ್ಟನ್ನು ನೋಡಿಕೊಂಡು ನಕ್ಕನು. ಸೀರೆಯನ್ನು ಮಾತ್ರ ಮರಳಿ ಕಟ್ಟಗೊಡಲಿಲ್ಲ.

ನಲವತ್ತೊಂದು ಸೆಕೆಂಡಿಗೆ ಸರಿತಾಳ ನಡು ಕುಸಿಯಿತು. ಅವಳು ಚಾಪೆಯಿಂದ ಮುಖವೆತ್ತಲಿಲ್ಲ.

"ಹತ್ತೊಂಬತ್ತು ಸೆಕೆಂಡು ಬಾಕಿ ಐತೆ. ಮುಂದಿನ ತಿಂಗಳು ತೀರ್ಸು," ಎಂದು ಪ್ರದೀಪ್ ಮೆಲ್ಲಗೆ ಹೇಳಿದನು.

"ಸೀರೆ ಬಿಗಿದೋಳು ನಾನು. ಅದು ಕೂಸಿನ ಬಾಕಿ ಅಲ್ಲ, ನಂದು," ಎಂದಳು ಚಿಕ್ಕಕ್ಕ.