ಮೆಣಸಿಗೆ ಹೇಳಿದ ಮಾತು

"ಹುಡುಗನ ಅಪ್ಪ ನಾಯಿ ಜೊತೆ ಮಾತ್ರ ಮಾತಾಡ್ತಾರಂತೆ ಕಣಮ್ಮ" ಎಂದು ಮಗಳು ಬಂದು ಹೇಳಿದ ದಿನ ಅಜ್ಜಿ ಹಾಲು ಸೋಸುತ್ತಿದ್ದಳು. ಆಗಿನ್ನೂ ಅವಳು ಅಜ್ಜಿಯಾಗಿರಲಿಲ್ಲ. ಮದುವೆಗೆ ಬಂದ ಮಗಳಿದ್ದ ವಿಧವೆ, ಅಷ್ಟೆ. ಸೋಸುವುದನ್ನು ಅರ್ಧಕ್ಕೇ ನಿಲ್ಲಿಸಿ, "ಮಾತಾಡ್ತಾರೆ ತಾನೆ? ನಿಮ್ಮಪ್ಪನಿಗೆ ಅದೂ ಬರ್ತಿರ್ಲಿಲ್ಲ" ಎಂದು ನಕ್ಕುಬಿಟ್ಟಳು. ಮಗಳು ತಮಾಷೆ ಮಾಡುತ್ತಿಲ್ಲವೆಂದು ತಿಳಿದದ್ದು ಬೀಗರನ್ನು ಕಣ್ಣಾರೆ ಕಂಡ ಮೇಲೆ.

ಬೀಗರು ದರ್ಜಿ, ಹೆಂಡತಿಯನ್ನು ಕಳೆದುಕೊಂಡವರು. ಕೆಳಗೆ ಅಂಗಡಿ, ಮೇಲೆ ಮನೆ. ಆಯುಷ್ಯವೆಲ್ಲ ಮಷಿನ್ನಿನ ಪೆಡಲು ತುಳಿದ ಕಾಲುಗಳಿಗೆ ಸುಮ್ಮನಿರುವುದೇ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ಮೇಜಿನ ಕೆಳಗೆ ಪಾದಗಳು ತಮ್ಮಷ್ಟಕ್ಕೆ ತಾವೇ ಹೊಲಿಯುತ್ತಿದ್ದವು. ಕೊರಳಲ್ಲಿ ಸದಾ ಅಳತೆಯ ಟೇಪು. ಮಗನ ಮದುವೆಯ ಫೋಟೋದಲ್ಲೂ ಅದು ಹಾಗೆಯೇ ಇಳಿಬಿದ್ದಿದೆ. ಪರರ ಬಟ್ಟೆಯಲ್ಲಿ ಒಂದು ಹೊಲಿಗೆ ಕೊಂಕಿದರೂ ಇಡೀ ತೋಳನ್ನೇ ಬಿಚ್ಚಿ ಮತ್ತೆ ಕೂಡಿಸುವ ಆ ಮಹಾಶಯರು ತಾವು ಮಾತ್ರ ವರ್ಷಾನುಗಟ್ಟಲೆ ತೊಟ್ಟದ್ದು ಒಂದೇ ಬೂದುಬಣ್ಣದ ಕೋಟು. ಅದರ ಎಡಜೇಬು ಬಲಜೇಬಿಗಿಂತ ಎರಡರಷ್ಟು ದೊಡ್ಡದು. ಮೆಣಸು ಅಂಗೈಯಗಲದ ಮರಿಯಾಗಿದ್ದಾಗ ಅದರೊಳಗೆ ಕೂತು ಊರು ಸುತ್ತಿತ್ತಂತೆ. ಮರಿ ಬೆಳೆದು ಜೇಬಿಗೆ ಹಿಡಿಸದಂತಾದ ಮೇಲೂ ಬೀಗರು ಜೇಬನ್ನು ಸಣ್ಣದು ಮಾಡಲಿಲ್ಲ. ಬ್ರೆಡ್ಡಿನ ಅಂಚುಗಳನ್ನು ತುಂಬಿಸಿಕೊಂಡು ಅದು ಜೋತಾಡುತ್ತಿತ್ತು.

ಮೆಣಸು ಎಂದರೆ ಅವರ ನಾಯಿ. ಟೆರಿಯರ್ ಜಾತಿಯದು, ಮೊಣಕಾಲೆತ್ತರವೂ ಇಲ್ಲ, ಪೌರುಷ ಮಾತ್ರ ಆನೆಯನ್ನೂ ಅಟ್ಟಿಸಿಕೊಂಡು ಹೋಗುವಷ್ಟು. ಒರಟು ಕೂದಲು, ಮುದುಕನಂಥ ಗಡ್ಡ, ಪ್ರಪಂಚವೆಲ್ಲ ತನ್ನ ಅಪ್ಪಣೆ ಕೇಳಿಯೇ ನಡೆಯಬೇಕೆಂಬ ಠೀವಿ. ಬೀಗರು ಯಾರಿಗೆ ಏನು ಹೇಳಬೇಕಿದ್ದರೂ ಈ ಪ್ರಾಣಿಯೇ ದೂತಿ. ಎದುರಿಗೆ ಕೂತವರ ಮುಖ ನೋಡಿ ಮಾತಾಡುವುದೆಂದರೆ ಅವರಿಗೆ ಎಲ್ಲಿಲ್ಲದ ಸಂಕೋಚ. "ಮೆಣಸು, ಬೀಗಿತ್ತಿಯವರಿಗೆ ಇನ್ನೊಂದು ಲೋಟ ಕಾಫಿ ಬೇಕಾ ಕೇಳು" ಎಂದು ಮೊದಲ ಭೇಟಿಯಲ್ಲಿ ಅವರೆಂದಾಗ, ನಾಯಿ ಕತ್ತು ಓರೆ ಮಾಡಿ ತನ್ನನ್ನೇ ನೋಡಿದ್ದಕ್ಕೆ ಅಜ್ಜಿ ಕಕ್ಕಾಬಿಕ್ಕಿಯಾಗಿ, "ಬೇಡಪ್ಪ, ಸಾಕು" ಎಂದು ನಾಯಿಗೇ ಉತ್ತರ ಕೊಟ್ಟಿದ್ದಳು.

ಅಂಗಡಿಯಲ್ಲೂ ಇದೇ ಪದ್ಧತಿ. ಗಿರಾಕಿಯ ಮೈಗೆ ಟೇಪು ಹಿಡಿದು, "ಮೆಣಸು, ಸೊಂಟ ಮೂವತ್ನಾಲ್ಕು" ಎಂದು ಕೂಗುವರು. ಮೇಜಿನ ಕೆಳಗಿಂದ ಒಂದು ಕಿವಿ ಅಲುಗುವುದು. ಅಷ್ಟಾದರೆ ಆ ಅಳತೆ ಅವರ ತಲೆಯಲ್ಲಿ ಕಲ್ಲಿನಲ್ಲಿ ಕೆತ್ತಿದಂತೆ ನಿಲ್ಲುತ್ತಿತ್ತು. ಬರೆದಿಡುವ ಗೋಜೇ ಇರಲಿಲ್ಲ.

ಮಗಳ ಹೆರಿಗೆ ಹತ್ತಿರವಾದಾಗ ಅಜ್ಜಿ ಗಂಟುಮೂಟೆಯೊಂದಿಗೆ ಆ ಮನೆಗೆ ಬಂದಳು. ಚಿಕ್ಕಂದಿನಲ್ಲಿ ನಾಯಿಯೊಂದು ಅಟ್ಟಿಸಿಕೊಂಡು ಬಂದಾಗಿನಿಂದ ಆ ಕುಲವನ್ನೇ ದೂರವಿಟ್ಟಿದ್ದವಳು. ಇನ್ನು ಎಳೆಗೂಸಿರುವ ಮನೆಯಲ್ಲಿ ನಾಯಿಯೆಂದರೆ ಕೇಳಬೇಕೆ? ಬೀಗರ ಭಾಷೆಯಲ್ಲೇ ಹೇಳಿದರಾಯಿತೆಂದು ಬಾಗಿಲಲ್ಲಿ ನಿಂತಳು. "ಮೆಣಸು, ನಿಮ್ಮ ಯಜಮಾನ್ರಿಗೆ ಹೇಳು. ಕೂಸು ಬರೋ ಮನೇಲಿ ಕೂದಲು ಉದುರಿಸೋ ಪ್ರಾಣಿ ಇರಬಾರ್ದು."

ಬೀಗರ ಕಾಲು ಪೆಡಲಿನ ಮೇಲೆ ನಿಂತಿತು. "ಮೆಣಸು, ನಿನ್ನ ಕೂದಲು ಉದುರಲ್ಲ, ಹಳೇದನ್ನ ನಾನೇ ಕೈಯಲ್ಲಿ ಬಿಡಿಸಿ ತೆಗೀತೀನಿ ಅಂತ ಹೇಳು."

"ಕಚ್ಚಿದ್ರೆ ಅಂತ ಕೇಳು."

ಮರುದಿನ ಬೀಗರು ಕೋಟು ತೊಟ್ಟು, ಮೆಣಸನ್ನು ಎತ್ತಿಕೊಂಡು ಬೀದಿಯ ತುದಿಯ ಬೇಕರಿಗೆ ಹೋದರು. ಬರುವಾಗ ಕೈ ಬರಿದಾಗಿತ್ತು. ಬೇಕರಿಯವನಿಗೆ ಇಲಿಗಳ ಕಾಟವಿತ್ತು, ನಾಯಿ ಬೇಕಾಗಿತ್ತು. ಗೆದ್ದೆನೆಂದು ಅಜ್ಜಿ ಆ ರಾತ್ರಿ ನಿಶ್ಚಿಂತೆಯಿಂದ ಮಲಗಿದಳು.

ಕೂಸು ಹುಟ್ಟಿತು, ಹೆಣ್ಣು. ಮನೆಗೆ ಕರೆತಂದಾಗ ಬೀಗರು ಕೈ ತೊಳೆದು, ತಲೆ ಬಾಚಿ, ತೊಟ್ಟಿಲ ಬಳಿ ಬಂದರು. ಬಾಯಿ ತೆರೆದರು. ಅಭ್ಯಾಸಬಲದಿಂದ ಕಾಲ ಬುಡ ನೋಡಿದರು. ಅಲ್ಲಿ ಬರಿ ನೆಲ. ತೆರೆದ ಬಾಯಿ ಹಾಗೆಯೇ ಮುಚ್ಚಿತು, ಅವರು ಮೆಟ್ಟಿಲಿಳಿದು ಹೋದರು. ಮರುದಿನವೂ ಅಷ್ಟೆ, ಅದರ ಮರುದಿನವೂ ಅಷ್ಟೆ. ಊಟಕ್ಕೆ ಕರೆದರೆ ತಲೆಯಾಡಿಸುವುದು, ಬಡಿಸಿದರೆ ಅಂಗೈ ಅಡ್ಡ ಹಿಡಿಯುವುದು, ಅದೇ ಅವರ ಮಾತು.

"ಮಾವನಿಗೆ ನನ್ನ ಮಗು ಇಷ್ಟ ಆಗ್ಲಿಲ್ಲಮ್ಮ" ಎಂದು ಮಗಳು ದಿಂಬಿಗೆ ಮುಖವಿಟ್ಟು ಅತ್ತಳು. "ಒಂದು ಸಲ ಹೆಸರು ಕೂಡ ಹಿಡಿದು ಕರೀಲಿಲ್ಲ."

ಅಜ್ಜಿಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ಮಾತು ಮುಖಕ್ಕೆ ಹೇಳಿಯೇ ಬರುತ್ತೇನೆಂದು ದಡದಡನೆ ಕೆಳಗಿಳಿದರೆ, ಅಂಗಡಿಯಲ್ಲಿ ಅಗ್ನಿಶಾಮಕ ದಳದ ಆಜಾನುಬಾಹು ಮೊಣಕಾಲುದ್ದದ ಹೊಸ ಪ್ಯಾಂಟು ತೊಟ್ಟು ನಿಂತಿದ್ದ. ಪಕ್ಕದಲ್ಲಿ ಗಿಡ್ಡ ಗುಮಾಸ್ತನೊಬ್ಬ ಎರಡು ಕೈಯಲ್ಲೂ ಪ್ಯಾಂಟು ಎತ್ತಿ ಹಿಡಿದು ಹೊಸ್ತಿಲು ದಾಟುತ್ತಿದ್ದ.

"ಏನ್ ಮಾಸ್ಟ್ರೇ, ನನ್ನನ್ನ ಬೆಂಕಿ ಆರಿಸೋಕೆ ಕಳಿಸ್ತಿದೀರೋ, ಮೀನು ಹಿಡಿಯೋಕೋ?"

"ನಿಮ್ಮದೇ ವಾಸಿ ಸಾರ್. ಇದರಲ್ಲಿ ನಮ್ಮ ಇಡೀ ಆಫೀಸು ಹಿಡಿಸುತ್ತೆ."

ಬೀಗರು ನಗಲಿಲ್ಲ. ತಲೆ ತಗ್ಗಿಸಿ ಮೇಜಿನ ಕೆಳಗಿನ ಖಾಲಿ ಜಾಗವನ್ನು ನೋಡುತ್ತಿದ್ದರು. ಅಜ್ಜಿಗೆ ಆಗ ಹೊಳೆಯಿತು. ನಾಯಿಯನ್ನು ಕಳಿಸಿದೆನೆಂದುಕೊಂಡವಳು ಈ ಮನುಷ್ಯನ ನಾಲಿಗೆಯನ್ನೇ ಬೇಕರಿಗೆ ಕಳಿಸಿಬಿಟ್ಟಿದ್ದಳು! ತಂದಿದ್ದ ನಾಲ್ಕು ಮಾತನ್ನು ನುಂಗಿಕೊಂಡು, ಶಾಲು ಹೊದ್ದು, ಬೀದಿಗಿಳಿದಳು.

ಬೇಕರಿಯವನು ಅವಳನ್ನು ಕಂಡು ಕೈ ಮುಗಿದ. "ಕರ್ಕೊಂಡು ಹೋಗಿ ತಾಯಿ, ಪುಣ್ಯ ಬರುತ್ತೆ! ಇಲಿ ಹಿಡಿಯುತ್ತೆ ಅಂತ ಇಟ್ಕೊಂಡ್ರೆ ಇದು ಇಲಿಗಳ ಜೊತೆ ಸೇರಿ ಮೂಟೆ ತೋಡ್ತಾ ಇದೆ." ಹಿಟ್ಟಿನ ಮೂಟೆಯ ಹಿಂದಿನಿಂದ ಗಡ್ಡದಿಂದ ಬಾಲದವರೆಗೆ ಬೆಳ್ಳಗಾದ ಮೆಣಸು ಹೊರಬಂದು, ಕತ್ತು ಓರೆ ಮಾಡಿ, ಏನು ಹೇಳಬೇಕಿದೆ ಹೇಳು ಎಂಬಂತೆ ನಿಂತಿತು. ಜನ್ಮದಲ್ಲಿ ನಾಯಿ ಮುಟ್ಟದ ಅಜ್ಜಿ ಕಣ್ಣು ಬಿಗಿಯಾಗಿ ಮುಚ್ಚಿ ಅದನ್ನು ಶಾಲಿನಲ್ಲಿ ಸುತ್ತಿ ಎತ್ತಿಕೊಂಡಳು. ಅಂಗೈಗೆ ತಾಗಿದ ಅದರ ಎದೆ ಮಷಿನ್ನಿನಂತೆ ಓಡುತ್ತಿತ್ತು. ಅವಳದೂ ಅಷ್ಟೆ.

ಅಂಗಡಿಗೆ ಬಂದು ಮೆಣಸನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಇಳಿಸಿದಳು. "ಮೆಣಸು, ನಿಮ್ಮ ಯಜಮಾನ್ರಿಗೆ ಹೇಳು, ಮೊದಲು ನಿನಗೆ ಸ್ನಾನ ಮಾಡಿಸ್ಲಿ. ಆಮೇಲೆ ಮೇಲೆ ಬನ್ನಿ, ಇಬ್ರೂ."

ಬೀಗರು ನಾಯಿಯ ಗಡ್ಡದ ಹಿಟ್ಟನ್ನು ಎಷ್ಟೋ ಹೊತ್ತು ಒರೆಸಿದರು. ಆಮೇಲೆ, "ಮೆಣಸು, ಬೀಗಿತ್ತಿಯವರ ಶಾಲೂ ಹಿಟ್ಟಾಗಿದೆ, ನಾನೇ ಒಗೆದು ಕೊಡ್ತೀನಿ ಅಂತ ಹೇಳು" ಎಂದರು.

ಸಂಜೆ ಒದ್ದೆ ನಾಯಿಯನ್ನು ಕಂಕುಳಲ್ಲಿ ಹಿಡಿದು ತೊಟ್ಟಿಲ ಬಳಿ ನಿಂತ ಬೀಗರ ಬಾಯಿಂದ ಕಟ್ಟಿಟ್ಟ ನೀರು ಹರಿದಂತೆ ಮಾತು ಹರಿಯಿತು. "ನೋಡೇ ಮೆಣಸು, ನೋಡು! ಮೂಗು ನನ್ನ ಹೆಂಡತೀದು. ಕಿವಿ ನಂದು, ಪಾಪ. ಇವಳ ತಾಯಿಗೆ ಹೇಳು, ಇಂಥಾ ಚೆಂದದ್ದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ ಅಂತ." ಹಾಸಿಗೆಯಲ್ಲಿದ್ದ ಮಗಳು ಅಳುತ್ತ ನಕ್ಕಳು. ಮೆಣಸು ತೊಟ್ಟಿಲೊಳಗೆ ಮೂಸಿ ಒಂದು ಸೀನು ಸೀನಿ, ಅಂದಿನಿಂದ ಅದರ ಕೆಳಗೇ ತನ್ನ ಠಾಣೆ ಹಾಕಿತು.

ಅಜ್ಜಿ ಹೆರಿಗೆಗೆಂದು ಬಂದವಳು ಹಿಂದಿರುಗಲೇ ಇಲ್ಲ. ಆ ಮನೆಯಲ್ಲಿ ಎಲ್ಲರಿಗೂ ಮೆಣಸಿನ ಮೂಲಕ ಮಾತಾಡುವ ಚಾಳಿ ಅಂಟಿತು. "ಮೆನ್ಸು, ಹಾಲು" ಎಂದು ಕೇಳಲು ಕಲಿತಳು ಮೊಮ್ಮಗಳು. ಗಂಡನಿಗೆ ಹೇಳದೆ ಉಳಿದಿದ್ದ ಎಷ್ಟೋ ಮಾತನ್ನು ಅಜ್ಜಿ ಬಟ್ಟೆ ಮಡಿಸುತ್ತ ಮೆಣಸಿಗೆ ಹೇಳಿ ಹಗುರಾದಳು.

ಕೊನೆಗಾಲದಲ್ಲಿ ಬೀಗರ ಕಣ್ಣು ಮಂಜಾಯಿತು, ಮೆಣಸಿನ ಕಿವಿ ಮಂದವಾಯಿತು. ಒಂದು ಮಧ್ಯಾಹ್ನ ಅವರು ಮಡಿಲಲ್ಲಿ ಆ ಬೂದು ಕೋಟನ್ನು ಹರವಿಕೊಂಡು ಹರಿದ ಎಡಜೇಬನ್ನು ಹೊಲಿಯಲು ಕೂತಿದ್ದರು. "ಮೆಣಸು" ಎಂದು ಆರಂಭಿಸಿ ನಿಲ್ಲಿಸಿದರು. ಅದು ಪೆಡಲಿನ ಮೇಲೆ ಗಡ್ಡವಿಟ್ಟು ನಿದ್ದೆ ಹೋಗಿತ್ತು. ಬೀಗರು ಮೆಲ್ಲಗೆ ತಲೆಯೆತ್ತಿದರು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಎದುರಿಗೆ ಬಟ್ಟೆ ಮಡಿಸುತ್ತಿದ್ದ ಅಜ್ಜಿಯ ಮುಖವನ್ನು ನೇರವಾಗಿ ನೋಡಿದರು.

ಲೋಕದಲ್ಲಿ ಇಂಥವರ ಕುಲವೊಂದುಂಟು. ಎದೆತುಂಬ ಇರುವುದನ್ನು ನೇರವಾಗಿ ಕೈಗಿಡಲು ನಾಚುವವರು; ಗಿಡಕ್ಕೋ ಹಕ್ಕಿಗೋ ಹೇಳಿ, ಕೇಳಬೇಕಾದವರು ಕೇಳಿಸಿಕೊಳ್ಳಲಿ ಎಂದು ಕಾಯುವವರು. ಅವರ ಮಾತು ಬಳಸುದಾರಿಯಲ್ಲಿ ಬರುತ್ತದೆ, ಆದರೆ ಬಂದೇ ಬರುತ್ತದೆ. ಆ ದಾರಿಯನ್ನು ಮುಚ್ಚದೆ ಬಿಟ್ಟವರಿಗೆ ಎಂದೋ ಒಂದು ದಿನ ಅವರು ನೇರವಾಗಿಯೂ ಎದುರಾಗುತ್ತಾರೆ, ಅಂದು ಬೀಗರು ಎದುರಾದಂತೆ.

"ಮಲಗಿದಾಳೆ, ಪಾಪ, ಎಬ್ಬಿಸೋದು ಬೇಡ" ಎಂದರು ಪಿಸುದನಿಯಲ್ಲಿ. "ಸೂಜಿಗೆ ದಾರ ನೀವೇ ಪೋಣಿಸಿ ಕೊಡ್ತೀರಾ?"