ಉಸಿರು ಕತ್ತರಿಸಿದ ಎಚ್ಚರಿಕೆ

ಜಾಹೀರಾತಿನ ಕೊನೆಯಲ್ಲಿ 'ಷರತ್ತುಗಳು ಅನ್ವಯಿಸುತ್ತವೆ' ಎಂದು ಗುಂಡಿನಂತೆ ಹಾರಿಹೋಗುವ ಮಾತಿರುತ್ತದಲ್ಲ, ಅದನ್ನು ಓದುವುದೇ ಅವಳ ಕಸುಬು. ರೆಕಾರ್ಡಿಂಗ್ ಕೋಣೆಯಲ್ಲಿ ಎಲ್ಲರಿಗೂ ಅವಳು ಎಕ್ಸ್‌ಪ್ರೆಸ್ ಅಕ್ಕ. ಬೇರೆಯವರು ಎರಡು ಮೂರು ಸಲ ನಿಂತು ಓದುವುದನ್ನು ಅವಳು ಒಂದೇ ಉಸಿರಿಗೆ, ಒಂದಕ್ಷರವನ್ನೂ ನುಂಗದೆ ಮುಗಿಸುತ್ತಿದ್ದಳು. ಗಾಜಿನಾಚೆ ಕೂತ ಸೌಂಡ್ ಇಂಜಿನಿಯರ್ ಪದಗಳ ನಡುವೆ ಅಳಿದುಳಿದ ಉಸಿರನ್ನೂ ಕತ್ತರಿಸಿ ತೆಗೆದು ಇನ್ನಷ್ಟು ಬಿಗಿ ಮಾಡುತ್ತಿದ್ದ. "ನಿಮ್ಮ ಉಸಿರೆಲ್ಲ ಗುಡಿಸಿ ತುಂಬಿದ್ರೆ ಒಂದು ಬುಟ್ಟಿ ಆಗುತ್ತೆ ಅಕ್ಕ" ಎಂದು ನಗುತ್ತಿದ್ದ. ಓದು ಮುಗಿದ ಮೇಲೆ ಅವಳು ಮೈಕಿನಲ್ಲಿ "ಸರಿ" ಅನ್ನಬೇಕು. ಆ ಮಾತು ಬೀಳುವವರೆಗೆ ಯಾವ ಓದೂ ಕೋಣೆಯಿಂದಾಚೆ ಹೋಗುವಂತಿಲ್ಲ. ಯಾರೂ ಬರೆದಿಟ್ಟ ನಿಯಮವಲ್ಲ, ಆ ಕೋಣೆಯ ರೂಢಿ.

ಹಣ ಕಟ್ಟಿ ಮೊಬೈಲಿನಲ್ಲಿ ಆಡುವ ಇಸ್ಪೀಟಿಗೆ ಸರ್ಕಾರ ಮೂಗುದಾರ ಹಾಕಲು ಹೊರಟ ಕಾಲ ಅದು. ಪೂರ್ತಿ ನಿಲ್ಲಿಸಲು ಮನಸ್ಸಿಲ್ಲ, ತೆರಿಗೆಯ ರುಚಿ ಹತ್ತಿತ್ತು. ಕಣ್ಣುಮುಚ್ಚಿ ಕೂರಲು ಮುಖವಿಲ್ಲ, ಬೀದಿಗೊಂದು ಮನೆ ಗೋಳಾಡುತ್ತಿತ್ತು. ಎರಡರ ನಡುವೆ ಒಂದು ನಿಯಮ ಹುಟ್ಟಿತು: ಪ್ರತಿ ಆಟಕ್ಕೂ ಮುನ್ನ ಮನುಷ್ಯರ ದನಿಯಲ್ಲಿ ಎಚ್ಚರಿಕೆ ಕೇಳಿಸಬೇಕು. ಕಂಪನಿ ನೆಟ್ಟಗೆ ಎಕ್ಸ್‌ಪ್ರೆಸ್ ಅಕ್ಕನ ಹತ್ತಿರ ಬಂತು. ಈ ಆಟ ಚಟವಾಗಬಹುದು, ಹಣ ಹೋಗಬಹುದು, ನಿಮ್ಮ ಹೊಣೆಯಲ್ಲಿ ಆಡಿ. ಅವಳ ಬಾಯಿಗೆ ಅದು ಯಾವ ಲೆಕ್ಕ? ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಬಸ್ಸಿನಲ್ಲಿ, ಚಹದ ಅಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ ಅವಳದೇ ದನಿ. ದೇಶಕ್ಕೆಲ್ಲ ಬುದ್ಧಿ ಹೇಳಲು ಸರ್ಕಾರ ತನ್ನನ್ನೇ ನೇಮಿಸಿದೆ ಎಂದು ಅವಳು ಅಕ್ಕಪಕ್ಕದವರಲ್ಲಿ ಜಂಬ ಕೊಚ್ಚಿಕೊಂಡದ್ದೂ ಉಂಟು. ಬೇಡ ಎನ್ನುವ ಕೆಲಸ ತನ್ನದು, ಆಡಿಸುವವರ ಪಾಪ ತನಗೆ ಅಂಟದು ಎಂಬ ಸಮಾಧಾನ.

ಅವಳ ಜೊತೆಗಿದ್ದವನು ತಮ್ಮ. ಸರಕು ಸಾಗಿಸುವ ವ್ಯಾನ್ ಓಡಿಸುತ್ತಿದ್ದ. ಒಂದು ದಿನ ವ್ಯಾನ್ ರಿಪೇರಿಗೆ ಹೋಗಿದೆ ಎಂದ. ರಿಪೇರಿ ಮುಗಿಯಲೇ ಇಲ್ಲ. ಆಟದಲ್ಲಿ ಸೋತು ಅದನ್ನು ಮಾರಿದ್ದಾನೆಂದು ಅವಳಿಗೆ ತಿಳಿದದ್ದು ಬೇರೊಬ್ಬ ಅದರ ಸ್ಟಿಯರಿಂಗ್ ಹಿಡಿದು ಎದುರಿಗೆ ಬಂದಾಗ. ಅವನು ಕೈಮುಗಿದ, ಬಿಟ್ಟೆನೆಂದ. ಅವಳು ನಂಬಿದಳು. ಆಮೇಲೊಂದು ಬೆಳಗ್ಗೆ ಬಟ್ಟೆ ಒಣಹಾಕುವಾಗ ಗೋಡೆಯಾಚೆ ತನ್ನದೇ ದನಿ ಕೇಳಿಸಿತು. ಮತ್ತೆ ಕೇಳಿಸಿತು. ಒಂದು ಬಕೆಟ್ ಬಟ್ಟೆ ಮುಗಿಯುವವರೆಗೂ ಕೇಳಿಸುತ್ತಲೇ ಇತ್ತು.

ಒದ್ದೆ ಕೈಯಲ್ಲೇ ಒಳಗೆ ನುಗ್ಗಿದಳು. ಬೇರೆ ಯಾರ ಮಾತೂ ಬೇಡ, ಒಡಹುಟ್ಟಿದ ಅಕ್ಕನೇ ಬೇಡವೆಂದು ಹೇಳುತ್ತಿರುವುದು ಕಿವಿಗೆ ಬೀಳುವುದಿಲ್ಲವೇ ಎಂದು ಕೇಳಿದಳು. ತಮ್ಮ ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು. ಅವನು ನಿಜ ಹೇಳಿಬಿಟ್ಟ.

"ಅದು ಕೇಳಿಸಿದ್ರೇನೇ ಅಕ್ಕ ಕೈ ಜುಮ್ ಅನ್ನೋದು. ನೀನು ಮುಗಿಸಿದ ತಕ್ಷಣ ಹಣ ಕಟ್ಟಬೇಕು, ಎಲೆ ತಿರುಗುತ್ತೆ. ನೀನೇನಂತೀಯ ಅಂತ ಯಾರಿಗೆ ಗೊತ್ತು? ಓಟದ ಪಂದ್ಯದಲ್ಲಿ ಸೀಟಿ ಊದ್ತಾರಲ್ಲ, ಹಾಗೆ."

ಅವಳಿಗೆ ತನ್ನ ನಾಲಿಗೆಯ ಮೇಲೇ ಅಸಹ್ಯವಾಯಿತು.

ಅಷ್ಟರಲ್ಲಿ ಸರ್ಕಾರ ನಿಯಮ ಬಿಗಿಮಾಡಿತು. ಎಚ್ಚರಿಕೆ ಇನ್ನೂ ಉದ್ದವಿರಬೇಕು, ಸೋತದ್ದನ್ನು ಆಡಿಯೇ ಮರಳಿ ಪಡೆಯುತ್ತೇನೆಂಬುದು ಭ್ರಮೆ ಎಂಬ ಮಾತಿರಬೇಕು, ಸಹಾಯವಾಣಿಯ ಸಂಖ್ಯೆಯಿರಬೇಕು, ಓದುವಾಗ ಇಲಾಖೆಯ ಅಧಿಕಾರಿ ಎದುರಿಗಿರಬೇಕು. ಕಂಪನಿ ಎಲ್ಲಕ್ಕೂ ತಲೆಯಾಡಿಸಿತು. ಮಾತು ಎಷ್ಟು ಬೇಕಾದರೂ ಇರಲಿ, ಹೊತ್ತು ಮಾತ್ರ ಮೊದಲಿನಷ್ಟೇ. ಹೇಗೂ ಎಕ್ಸ್‌ಪ್ರೆಸ್ ಅಕ್ಕ ಇದ್ದಾಳಲ್ಲ.

ನಿಧಾನವಾಗಿ ಓದಿಯೇ ತೀರಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡು ಅವಳು ಹೋದಳು. ಗಾಜಿನಾಚೆ ಇಂಜಿನಿಯರ್, ಪಕ್ಕದಲ್ಲಿ ಕಂಪನಿಯ ಮ್ಯಾನೇಜರ್, ಆಚೆ ಬದಿಗೆ ಹೆಡ್‌ಫೋನ್ ಹಾಕಿಕೊಂಡ ಅಧಿಕಾರಿ. ಕೆಂಪು ದೀಪ ಹತ್ತಿತು. ಹತ್ತಿದ್ದೇ ತಡ, ವರ್ಷಗಟ್ಟಲೆ ಪಳಗಿದ ಬಾಯಿ ಒಡತಿಯನ್ನು ಕೇಳದೆಯೇ ಓಡಿತು. ಎಲ್ಲಿ ತಡೆಯಬೇಕೆಂದು ಹೊಳೆಯುವಷ್ಟರಲ್ಲಿ ಸಹಾಯವಾಣಿಯ ಸಂಖ್ಯೆಯೂ ದಾಟಿಹೋಗಿತ್ತು. ಅವಳು ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಓದಿರಲಿಲ್ಲ.

ಅಧಿಕಾರಿ ಮುದ್ರಿತ ಹಾಳೆಯ ಮೇಲೆ ಬೆರಳಾಡಿಸುತ್ತ ಓದನ್ನು ಕೇಳಿಸಿಕೊಂಡಿದ್ದ; ಎಲ್ಲ ಪದಗಳೂ ಇವೆ, ಸ್ಪಷ್ಟವಾಗಿದೆ ಎಂದ. ಮ್ಯಾನೇಜರ್ ಚಹ ತರಿಸಲು ಹೇಳಿದ. ಇಂಜಿನಿಯರ್ ಅವಳ 'ಸರಿ'ಗಾಗಿ ಕಾದ.

ಅದು ಬೀಳಲಿಲ್ಲ.

"ಅಳಿಸಿಬಿಡು" ಎಂದಳು. "ಇನ್ನೊಂದು ಸಲ ಓದ್ತೀನಿ. ಮನೇಲಿ ತಮ್ಮನಿಗೆ ಹೇಳೋ ಹಾಗೆ."

ಒಂದೇ ಓದಿಗೆ ಅದು ಬಾಯಿಪಾಠವಾಗಿತ್ತು; ಈ ಸಲ ಅವಳು ಕಣ್ಣು ಮುಚ್ಚಿಕೊಂಡು ಓದಿದಳು. ಭ್ರಮೆ ಎಂಬಲ್ಲಿ ನಿಂತಳು. ಉಸಿರೆಳೆದುಕೊಂಡಳು. ಅಂಕಿಗಳನ್ನು ಒಂದೊಂದಾಗಿ, ಕೇಳಿದವರು ಬರೆದುಕೊಳ್ಳುವಷ್ಟು ಬಿಡುವು ಕೊಟ್ಟು ಹೇಳಿದಳು. ಮುಗಿಸಿದ ಮೇಲೆ "ಸರಿ" ಅಂದಳು.

ಮ್ಯಾನೇಜರ್ ಬಾಗಿಲು ತಳ್ಳಿಕೊಂಡೇ ಒಳಬಂದ. ಇದನ್ನು ಕೇಳುತ್ತ ಕೂತರೆ ಆಡುವವನು ಎದ್ದುಹೋಗುತ್ತಾನೆ ಎಂದು ಸಿಡುಕಿದ.

"ಹೋಗ್ಲಿ ಅಂತ ತಾನೇ ಸ್ವಾಮಿ ಎಚ್ಚರಿಕೆ?"

ಅಧಿಕಾರಿ ಗಂಟಲು ಸರಿಮಾಡಿಕೊಂಡ. ಏನು ಹೇಳಬೇಕೆಂದು ನಿಯಮದಲ್ಲಿದೆ, ಎಷ್ಟು ವೇಗದಲ್ಲೆಂದು ಇಲ್ಲ. ಅದು ತನ್ನ ಕೈ ಕಟ್ಟಿಹಾಕಿದೆ ಎಂದ. ಹಾಗಾದರೆ ಆ ಕಾನೂನು ಬರೆದವರು ತಮ್ಮ ಮಕ್ಕಳಿಗೂ ಇದೇ ವೇಗದಲ್ಲಿ ಬುದ್ಧಿ ಹೇಳುತ್ತಾರೆಯೇ ಎಂದು ಅವಳು ಕೇಳಿದಳು. ಅವನು ಹಾಳೆ ಮಡಿಸಿ ಜೇಬಿಗಿಟ್ಟ.

ಮ್ಯಾನೇಜರ್ ದನಿ ತಗ್ಗಿಸಿದ. ಅವಳಿಲ್ಲದಿದ್ದರೂ ನಡೆಯುತ್ತದೆ, ಯಂತ್ರ ಇನ್ನೂ ಬೇಗ ಓದುತ್ತದೆ, ಮನುಷ್ಯರ ಹಾಗೇ ಕೇಳಿಸುತ್ತದೆ. ಮೊದಲ ಓದನ್ನಂತೂ ತಾನು ಈಗಲೇ ಒಯ್ಯುತ್ತೇನೆ, ಮುಂದೆ ಈ ಊರಲ್ಲಿ ಅವಳನ್ನು ಮೈಕಿನ ಮುಂದೆ ಯಾರು ಕೂರಿಸುತ್ತಾರೋ ನೋಡುತ್ತೇನೆ ಎಂದ.

"ನೋಡಿ" ಎಂದಳು ಅವಳು. "ಯಂತ್ರದ ಕೈಲಿ ಓದಿಸ್ಕೊಳ್ಳಿ. ಅದಕ್ಕೆ ತಮ್ಮ ಇಲ್ಲ. ನನ್ನ ಬಾಯಿ ಮಾತ್ರ ಇನ್ಮೇಲೆ ನಿಮ್ಮ ಸೀಟಿ ಅಲ್ಲ."

ಮೊದಲ ಓದು ಸಿಗಲಿಲ್ಲ. ಬೆರಳು ತಪ್ಪಿ ಎಲ್ಲಿಗೋ ತಾಗಿ ಅಳಿಸಿಹೋಯಿತೆಂದು ಇಂಜಿನಿಯರ್ ಕಿವಿ ಕೆರೆದುಕೊಂಡ. ಅಷ್ಟು ವರ್ಷದಲ್ಲಿ ಅವನ ಬೆರಳು ಒಮ್ಮೆಯೂ ತಪ್ಪಿದ್ದಿಲ್ಲ.

ಮ್ಯಾನೇಜರ್ ಆಡಿದಂತೆಯೇ ನಡೆದುಕೊಂಡ. ಸಾಬೂನಿನವರು, ವಿಮೆಯವರು, ಯಾರೂ ಅವಳನ್ನು ಮತ್ತೆ ಕರೆಯಲಿಲ್ಲ. ಆಟದಲ್ಲಿ ಹೊಸ ದನಿ ಬಂತು. ಅದಕ್ಕೆ ಉಸಿರೇ ಇರಲಿಲ್ಲ, ಕತ್ತರಿಸುವ ಕೆಲಸವೂ ತಪ್ಪಿತು. ನಿಯಮ ಪಾಲನೆಯಾಗಿದೆ ಎಂದು ಇಲಾಖೆ ಪ್ರಕಟಣೆ ಹೊರಡಿಸಿತು. ನಿಧಾನವಾಗಿ ಓದಿದರೆ ಮಾತ್ರ ಎಚ್ಚರಿಕೆ, ಉಳಿದದ್ದೆಲ್ಲ ಕಣ್ಣೊರೆಸುವ ಆಟ ಎಂದು ಅವಳು ಇಲಾಖೆಗೆ ಬರೆದಳು. ಉತ್ತರ ಬರಲಿಲ್ಲ. ಮತ್ತೆ ಬರೆದಳು.

ಭಾನುವಾರ ಮಧ್ಯಾಹ್ನ ತಮ್ಮ ಮೆಟ್ಟಿಲ ಮೇಲೆ ಮೊಬೈಲ್ ಹಿಡಿದು ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು. ಯಂತ್ರದ ದನಿ ಸರ್ರನೆ ಹರಿದು ಮುಗಿಯಿತು. ಹಣ ಕಟ್ಟಲು ಚೂರೇ ಚೂರು ಹೊತ್ತು. ಆಗ ಅವಳು ಶುರುಮಾಡಿದಳು, ಆ ಹಾಳೆಯಲ್ಲಿದ್ದುದನ್ನೇ, ಬಿಡಿಸಿ ಬಿಡಿಸಿ.

"ಈ ಆಟ, ತಮ್ಮಾ, ಚಟ ಆಗಬಹುದು."

ಅವನು ತಿರುಗಿ ನೋಡುವಷ್ಟರಲ್ಲಿ ಹಣ ಕಟ್ಟುವ ಹೊತ್ತು ಮೀರಿತು. ಮುಂದಿನ ಆಟಕ್ಕೂ ಹಾಗೇ ಆಯಿತು. ಅವನು ರೇಗಿ ಮಹಡಿಗೆ ಹೋದ. ಅವಳೂ ಹೋದಳು. ಕಿವಿಗೆ ಇಯರ್‌ಫೋನ್ ತುರುಕಿಕೊಂಡ. ಅವಳು ಎದುರಿಗೇ ಕೂತು, ತುಟಿ ಕಾಣುವಂತೆ ಹೇಳತೊಡಗಿದಳು. ಕೊನೆಗೆ ಅವನು ಇಯರ್‌ಫೋನ್ ಕಿತ್ತೆಸೆದ.

"ಎಷ್ಟು ದಿನ ಅಂತ ಹೀಗೆ ಬೆನ್ನು ಹತ್ತೀಯ ಅಕ್ಕ?"

"ಕೆಲಸ ಹೋಯ್ತಲ್ಲ" ಎಂದಳು ಅವಳು, ಕಾಲು ಚಾಚಿ ಗೋಡೆಗೊರಗುತ್ತ. "ಬೇಕಾದಷ್ಟು ಪುರುಸೊತ್ತಿದೆ. ಹಾಕು, ಮುಂದಿನ ಆಟ."