ಭಾರ ಬಿಡುವ ಪಾಠ

"ಬಿಡೇ, ಬಿಡು!" ಗಂಗಾಶ್ರೀ ಕೂಗಿದಳು. ಮಮತಾ ಬಿಡಲಿಲ್ಲ. ತಲೆಯ ಮೇಲೆತ್ತಿದ್ದ ಭಾರದ ಸರಳು ಬೆನ್ನ ಹಿಂದಕ್ಕೆ ವಾಲಿದರೂ ಹಿಡಿದೇ ಇದ್ದಳು. ಅದರ ಜೊತೆ ತಾನೂ ತೂರಾಡಿ, ಹೇಗೋ ಮುಂದಕ್ಕೆಳೆದು ಇಳಿಸಿದಳು. ಬಲಭುಜ ಚುರುಕ್ಕೆಂದಿತು.

ಶಿಕಾರಿಪುರದ ಆ ತಗಡಿನ ಶೆಡ್ಡಿನಲ್ಲಿ ಗಂಗಾಶ್ರೀ ಕಾಲೇಜು ಹುಡುಗಿಯರಿಗೆ ವೇಟ್‌ಲಿಫ್ಟಿಂಗ್ ಕಲಿಸುತ್ತಿದ್ದಳು.

"ಹಿಂದಕ್ಕೆ ಹೋದ್ರೆ ಕೈ ಬಿಟ್ಟು ಮುಂದೆ ಜಿಗೀಬೇಕು ಅಂತ ಎಷ್ಟು ಸಲ ಹೇಳ್ಲಿ? ಇವತ್ತು ಬಿಡೋದು ಕಲೀಲಿಲ್ಲ ಅಂದ್ರೆ ನಾಳೆ ಶಿವಮೊಗ್ಗದಲ್ಲಿ ನಡೆಯೋ ತಂಡದ ಆಯ್ಕೆಗೆ ನಿನ್ನ ಕರ್ಕಂಡು ಹೋಗಲ್ಲ."

"ಎತ್ತಾಕೆ ಬರ್ತದಲ್ಲಕ್ಕ."

"ಎತ್ತೋದು ಅರ್ಧ ಕಣೇ. ಭುಜ ಕಿತ್ಕಂಡು ಬಂದ್ರೆ?"

ಎತ್ತುವುದು ಮಮತಾಳಿಗೆ ಹೊಸದಲ್ಲ. ತೊಗರ್ಸಿಯಲ್ಲಿ ಅವರದು ಕುರಿ ಸಾಕುವ ಮನೆ. ಕಾಲುವೆ ದಾಟಿಸುವಾಗ ಮರಿ ಕೊಸರಾಡಿದಷ್ಟೂ ಬಿಗಿಯಾಗಿ ಹಿಡಿಯಬೇಕೆಂದು ಅಪ್ಪ ಧರ್ಮಪ್ಪ ಕಲಿಸಿದ್ದ. ಜಾರಿಸಿದವರಿಗೆ ಅವತ್ತು ಬೈಗುಳವೇ ಊಟ. ಅವಳ ಬೆರಳುಗಳಿಗೆ ಬೇರೇನೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಧರ್ಮಪ್ಪನೇ ಬಾಗಿಲಿಗೆ ಬಂದ. ಜೊತೆಗೆ ಅವನ ತಂಗಿಯ ಮಗ ಯತೀಶ.

"ನಡಿಯವ್ವ ಮನಿಗೆ. ನಿನ್ನೆ ತೋಳು ಎತ್ತಾಕೆ ಆಗದೆ ನರಳ್ತಿದ್ದಿ. ಸಾಕು ಈ ಆಟ."

"ಒಂದ್ಸಲ ನೋಡಪ್ಪ."

"ನೋಡಾದೇನು ಮಾವಾ?" ಯತೀಶ ನಕ್ಕ. "ಕಬ್ಬಿಣ ಬೀಳ್ಸೋದು ಕಲಿಯಾಕೆ ಫ್ರೀ ಬಸ್ಸಲ್ಲಿ ಬರ್ತಾಳೆ!"

"ಹೂಂ, ಬೀಳಿಸ್ತೀನಿ. ನೀನು ಆಚೆ ಸರಿ, ಕಾಲ್ಮೇಲೆ ಬಿದ್ದಾತು."

ಮಮತಾ ಹೆಬ್ಬೆರಳನ್ನು ಸರಳಿಗೊತ್ತಿ, ಅದರ ಮೇಲೆ ಉಳಿದ ಬೆರಳು ಸುತ್ತಿದಳು. ಬೆನ್ನು ನೆಟ್ಟಗೆ. ಸರಳು ಮೊಣಕಾಲು, ತೊಡೆ ಸವರಿಕೊಂಡೇ ಮೇಲೇರಿತು. ಅವಳು ಅದರಡಿ ಕುಕ್ಕರಿಸಿದಳು. ತಲೆಯ ಮೇಲೆ ಸರಳು ಮತ್ತೆ ಹಿಂದಕ್ಕೆ ವಾಲಿತು. ಬೆರಳು ಬಿಗಿಯಿತು. "ಹಿಡೀ!" ಎಂದು ಧರ್ಮಪ್ಪ ಚೀರಿದ.

ಅವಳು ಕೈ ಬಿಚ್ಚಿ ಮುಂದಕ್ಕೆ ಜಿಗಿದಳು.

ತಗಡೆಲ್ಲ ಅದುರಿತು. ಸರಳು ಎರಡು ಸಲ ಪುಟಿದು ಉರುಳಿತು.

"ಕೈ ಜಾರ್ತೇನವ್ವ?"

"ಇಲ್ಲಪ್ಪ, ನಾನೇ ಬಿಟ್ಟೆ."

ಗಂಗಾಶ್ರೀ ಹೊಗಳಲಿಲ್ಲ. "ನಾಳೆ ಬೆಳಗ್ಗೆ ಮೊದಲನೇ ಬಸ್ಸಿಗೇ ಬಾ" ಎಂದಳು.

"ನಾನಿನ್ನೂ ಹೂಂ ಅಂದಿಲ್ಲ" ಎಂದ ಧರ್ಮಪ್ಪ.

"ನಾನು ಅಂದೀನಲ್ಲಪ್ಪ."

ಅವನು ತನ್ನ ಕಾಲ ಬಳಿ ಬಂದು ನಿಂತಿದ್ದ ಸರಳನ್ನು ಎತ್ತಿಕೊಡಲು ಬಾಗಿದ.

"ಮುಟ್ಟಬ್ಯಾಡಪ್ಪ, ಬಿಡು."

ಚಾಚಿದ ಕೈಯನ್ನು ಅವನು ಹಿಂದೆಗೆದುಕೊಂಡ. ಮಮತಾ ಹಿಡಿತ ಜಾರದಿರಲೆಂದು ಅಂಗೈಗೆ ಸುಣ್ಣದಂಥ ಪುಡಿ ಬಳಿದುಕೊಂಡು ಬಂದು, ಸರಳನ್ನು ಪಾದದಿಂದ ಮೆಲ್ಲಗೆ ಶೆಡ್ಡಿನ ನಡುವಿಗೆ ಉರುಳಿಸಿಕೊಂಡು ಹೋದಳು.